ತಮ್ಮನ ವರದಿಯಲ್ಲಿದ್ದ ಮೂರು ಅಕ್ಷರಗಳು

1998ರ ಮಳೆಗಾಲದ ಹೊತ್ತಿಗೆ ನನ್ನ ತಮ್ಮನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದುಹೋಗುವುದು ಅವನಿಂದ ಆಗದ ಮಾತಾಗಿದ್ದರಿಂದ ನನ್ನ ಮನೆಯಲ್ಲೇ ಉಳಿದಿದ್ದ. ಕಸಿ ಮಾಡಿಸುವುದೇ ಸರಿಯೆಂದು ವೈದ್ಯರು ಹೇಳಿದ ಮೇಲೆ ಅಮ್ಮ, ಅಕ್ಕ ಮತ್ತು ನಾನು ಮೂವರೂ ಪರೀಕ್ಷೆಗೆ ರಕ್ತ ಕೊಟ್ಟೆವು. ನಾಲ್ವರದೂ ಒಂದೇ ರಕ್ತದ ಗುಂಪು ಎಂದು ತಿಳಿದಾಗ ಇನ್ನೇನು ತೊಂದರೆಯಿಲ್ಲವೆಂದು ನಂಬಿದ್ದೆವು. ಕೆಲವು ದಿನಗಳ ನಂತರ ಬಂದ ಇನ್ನೊಂದು ವರದಿಯಲ್ಲಿ ಎಚ್‌ಎಲ್‌ಎ ಎಂಬ ಮೂರು ಅಕ್ಷರಗಳೂ, ಅವುಗಳ ಕೆಳಗೆ ಎ2, ಎ24, ಬಿ35, ಬಿ40 ಎಂಬಂಥ ಗುರುತುಗಳೂ ಸಾಲಾಗಿ ಅಚ್ಚಾಗಿದ್ದವು. ಅಕ್ಕನ ಸಾಲು ತಮ್ಮನ ಸಾಲಿನ ಜೊತೆ ಅಕ್ಷರಶಃ ಒಂದೇ ಆಗಿತ್ತು. ಅಮ್ಮನದು ಅರ್ಧ ಹೊಂದುತ್ತಿತ್ತು. ನನ್ನ ಸಾಲಿನಲ್ಲಿ ತಮ್ಮನ ಸಾಲಿನ ಒಂದು ಗುರುತೂ ಇರಲಿಲ್ಲ.

ನಾನು ಆಗ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಆದರೂ ಆ ಕಾಗದವನ್ನು ನೋಡಿ ಒಂದು ಕ್ಷಣ ಅವನ ಜೊತೆಗಿನ ನಂಟೇ ಕಡಿದುಹೋದಂತೆ ನನಗೆ ಅನಿಸಿತ್ತು. ಅಮ್ಮನ ಸಂಕಟ ಬೇರೆಯದು. "ಹೆತ್ತವಳದ್ದಕ್ಕಿಂತ ಒಡಹುಟ್ಟಿದವಳದ್ದು ಹತ್ತಿರ ಹೇಗಾಗುತ್ತದೆ?" ಎಂದು ಅವರು ಕೇಳಿದರು. ಆಗ ನಾನು ಕೊಟ್ಟ ಉತ್ತರ ಪಠ್ಯಪುಸ್ತಕದ್ದು. ಆ ಪ್ರಶ್ನೆಗೆ ಜಗತ್ತು ಹೇಗೆ ಉತ್ತರ ಕಂಡುಕೊಂಡಿತು ಎಂಬುದನ್ನು ಓದಿ ತಿಳಿಯಲು ನನಗೆ ಹಲವು ವರ್ಷಗಳು ಬೇಕಾದವು. ಆ ಉತ್ತರ ಒಬ್ಬ ವಿಜ್ಞಾನಿಯದಲ್ಲ, ಒಂದು ವಿಶ್ವವಿದ್ಯಾಲಯದ್ದೂ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಒಬ್ಬರಿಗೊಬ್ಬರು ಪೈಪೋಟಿಯಲ್ಲಿದ್ದವರು ತಮ್ಮ ತಮ್ಮ ಸೀಸೆಗಳನ್ನು ಹೊತ್ತುಕೊಂಡು ಒಂದೇ ಕೋಣೆಗೆ ಬಂದು, ಒಂದೇ ರಕ್ತವನ್ನು ಪರೀಕ್ಷಿಸಿ, ತಮ್ಮ ತಪ್ಪುಗಳನ್ನು ಎಲ್ಲರ ಮುಂದೆ ಒಪ್ಪಿಕೊಂಡದ್ದರಿಂದ ಅದು ಸಿಕ್ಕಿತು. ಅವರ ವಿಷಯವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಜೀವಶಾಸ್ತ್ರದವಳೆಂದು ತಿಳಿದು ಆ ಪ್ರಯೋಗಾಲಯದ ತಂತ್ರಜ್ಞೆ ನನ್ನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 60 ಪುಟ್ಟ ಕುಳಿಗಳು. ಪ್ರತಿ ಕುಳಿಯಲ್ಲಿ ಎಣ್ಣೆಯ ಪದರದ ಕೆಳಗೆ ಬೇರೆ ಬೇರೆ ಸೀರಂನ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ಉಳಿಯುವ ದ್ರವದ, ಒಂದು ಹನಿ. ಅದಕ್ಕೆ ತಮ್ಮನ ಬಿಳಿ ರಕ್ತಕಣಗಳನ್ನೂ ಬಳಿಕ ಮೊಲದ ಸೀರಂ ಮತ್ತು ಬಣ್ಣವನ್ನೂ ಹಾಕಿದ್ದರು. ಕೆಲವು ಕುಳಿಗಳಲ್ಲಿ ಕಣಗಳು ಹೊಳೆಯುತ್ತಿದ್ದವು, ಅವು ಬದುಕಿದ್ದವು. ಕೆಲವದರಲ್ಲಿ ಬಣ್ಣ ಹೀರಿ ಕಪ್ಪಾಗಿ ಉಬ್ಬಿದ್ದವು, ಅವು ಸತ್ತಿದ್ದವು. ಯಾವ ಕುಳಿಗಳಲ್ಲಿ ಸತ್ತವು ಎಂಬುದನ್ನು ಗುರುತು ಹಾಕಿಕೊಂಡರೆ ಅದೇ ಮನುಷ್ಯನ ಎಚ್‌ಎಲ್‌ಎ, ಅಂದರೆ ಅವನ ಕಣಗಳ ಮೇಲಿರುವ, ಕಸಿಯ ಹೊಂದಾಣಿಕೆಗಾಗಿ ನೋಡುವ ಗುರುತುಗಳು. "ಈ ಸೀರಂ ಎಲ್ಲಾ ಎಲ್ಲಿಂದ ಬರುತ್ತದೆ?" ಎಂದು ಕೇಳಿದೆ. "ತಾಯಂದಿರಿಂದ, ಮೇಡಂ. ಎರಡು ಮೂರು ಮಕ್ಕಳನ್ನು ಹೆತ್ತವರಿಂದ," ಎಂದರು ಆಕೆ.

ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಗರ್ಭದಲ್ಲಿರುವ ಮಗುವಿನ ಅರ್ಧ ಗುರುತುಗಳು ತಂದೆಯಿಂದ ಬಂದವು. ತಾಯಿಯ ದೇಹಕ್ಕೆ ಅವು ಪರಕೀಯ. ಬಸಿರಿನಲ್ಲಿ ಮತ್ತು ಹೆರಿಗೆಯಲ್ಲಿ ಮಗುವಿನ ಕೆಲವು ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರಿದಾಗ ಅನೇಕ ತಾಯಂದಿರ ದೇಹ ಆ ಗುರುತುಗಳ ವಿರುದ್ಧ ಪ್ರತಿಕಾಯಗಳನ್ನು, ಅಂದರೆ ಆ ಗುರುತಿರುವ ಕಣಗಳಿಗೆ ಅಂಟಿಕೊಳ್ಳುವ ವಸ್ತುಗಳನ್ನು, ಮಾಡಿಕೊಳ್ಳುತ್ತದೆ. ಮಗುವಿಗೆ ಸಾಮಾನ್ಯವಾಗಿ ಅದರಿಂದ ಕೇಡಿಲ್ಲ. ಆದರೆ ಆ ತಾಯಿಯ ಸೀರಂ ಒಂದು ನಿರ್ದಿಷ್ಟ ಗುರುತನ್ನು ಪತ್ತೆ ಹಚ್ಚಬಲ್ಲ ಸಾಧನವಾಗಿಬಿಡುತ್ತದೆ. ಇದನ್ನು 1958ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್, ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಜಾನ್ ವಾನ್ ರೂಡ್ ಬೇರೆ ಬೇರೆಯಾಗಿ ಕಂಡುಕೊಂಡರು. ವಾನ್ ರೂಡ್ ಆಗ ಲೈಡನ್ ಆಸ್ಪತ್ರೆಯ ರಕ್ತನಿಧಿಯ ಹೊಣೆ ಹೊತ್ತಿದ್ದ ಯುವ ವೈದ್ಯ. ಹೆರಿಗೆಯ ನಂತರ ರಕ್ತ ಪಡೆದ ಮಹಿಳೆಯೊಬ್ಬರಿಗೆ ತೀವ್ರ ಪ್ರತಿಕ್ರಿಯೆ ಉಂಟಾದದ್ದೇ ಅವರನ್ನು ಈ ದಾರಿಗೆ ತಂದಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಜ್ಯಾನ್ ಡೋಸೆ, ಹಲವು ಸಲ ರಕ್ತ ಪಡೆದ ರೋಗಿಗಳ ಸೀರಂ ಬಳಸಿ, ಬಿಳಿ ರಕ್ತಕಣದ ಮೇಲಿನ ಮೊದಲ ಗುರುತನ್ನು ವಿವರಿಸಿದ್ದರು. ಅದಕ್ಕೆ ಅವರಿಟ್ಟ ಹೆಸರು ಮ್ಯಾಕ್. ಆ ಪರೀಕ್ಷೆಗೆ ನೆರವಾದ ಮೂವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು.

ಹೀಗೆ ಒಂದೇ ವರ್ಷದಲ್ಲಿ ಮೂರು ಊರುಗಳಲ್ಲಿ ಒಂದೇ ಬಾಗಿಲು ತೆರೆಯಿತು. ಮುಂದಿನ ಆರು ವರ್ಷಗಳು ಗೊಂದಲದ ಕಾಲ. ತೊಂದರೆ ಏನೆಂದರೆ ಒಬ್ಬ ತಾಯಿಯ ಸೀರಂನಲ್ಲಿ ಒಂದೇ ಪ್ರತಿಕಾಯ ಇರುತ್ತದೆಂಬ ಖಾತ್ರಿಯಿಲ್ಲ. ಎರಡು ಮೂರು ಬೆರೆತಿರಬಹುದು. ಬಿಳಿ ಕಣಗಳು ಗುಂಪುಗೂಡಿ ಅಂಟಿಕೊಳ್ಳುವುದನ್ನು ನೋಡಿ ನಿರ್ಧರಿಸುವ ಅಂದಿನ ವಿಧಾನ ಇಂದು ಒಂದು ಫಲಿತಾಂಶ ಕೊಟ್ಟರೆ ನಾಳೆ ಇನ್ನೊಂದು ಕೊಡುತ್ತಿತ್ತು. ವಾನ್ ರೂಡ್ 60 ಸೀರಂಗಳನ್ನು 100 ಜನರ ಕಣಗಳ ಮೇಲೆ ಪರೀಕ್ಷಿಸಿ, ಬಂದ ಸಾವಿರಾರು ಉತ್ತರಗಳನ್ನು ಕಂಪ್ಯೂಟರ್‌ಗೆ ಕೊಟ್ಟು, ಯಾವ ಸೀರಂಗಳು ಒಂದೇ ತೆರನಾಗಿ ವರ್ತಿಸುತ್ತವೆ ಎಂದು ವಿಂಗಡಿಸಿದರು. 1962ರ ಅವರ ಡಾಕ್ಟರೇಟ್ ಪ್ರಬಂಧದ ತಿರುಳೇ ಅದು. ವೈದ್ಯರು ಕಂಪ್ಯೂಟರಿನ ಮುಖವನ್ನೇ ಕಾಣದಿದ್ದ ಕಾಲದಲ್ಲಿ ಅವರಿಗೆ ಆ ಯೋಚನೆ ಹೊಳೆದದ್ದು ನನಗೆ ಬೆರಗು ಹುಟ್ಟಿಸುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್ ಅವರ ಜೊತೆ ಕೇಂಬ್ರಿಜ್‌ನಿಂದ ಬಂದ ತಳಿವಿಜ್ಞಾನಿ ವಾಲ್ಟರ್ ಬಾಡ್ಮರ್ ಮತ್ತು ಅವರ ಪತ್ನಿ ಜೂಲಿಯಾ ಬಾಡ್ಮರ್ ಸೇರಿಕೊಂಡು ಅಂಥದೇ ಲೆಕ್ಕ ಮಾಡಿ ಎಲ್‌ಎ1, ಎಲ್‌ಎ2 ಎಂಬ ಗುರುತುಗಳನ್ನು ಹೆಸರಿಸಿದರು. ರಕ್ತವನ್ನು ಬಲ್ಲವರು ಒಬ್ಬರು, ಸಂಖ್ಯೆಗಳನ್ನು ಬಲ್ಲವರು ಇಬ್ಬರು. ಯಾರೊಬ್ಬರಿಂದಲೂ ಒಂಟಿಯಾಗಿ ಆ ಕೆಲಸ ಆಗುತ್ತಿರಲಿಲ್ಲ.

ಆದರೆ ಪ್ಯಾರಿಸ್‌ನವರ ಮ್ಯಾಕ್, ಸ್ಟ್ಯಾನ್‌ಫರ್ಡ್‌ನವರ ಎಲ್‌ಎ2, ಲೈಡನ್‌ನವರು ಕೊಟ್ಟ ಅಂಕಿಗಳು, ಇವುಗಳ ನಡುವೆ ಏನು ಸಂಬಂಧ? ಯಾರಿಗೂ ಗೊತ್ತಿರಲಿಲ್ಲ. ಒಂದೇ ಗಿಡಕ್ಕೆ ಒಂದೊಂದು ಊರಿನವರು ಒಂದೊಂದು ಹೆಸರಿಟ್ಟುಕೊಂಡು, ತಮ್ಮದು ಬೇರೆ ಗಿಡ ಎಂದು ವಾದಿಸಿದ ಹಾಗೆ ಅವರವರ ಲೇಖನಗಳು ಪ್ರಕಟವಾಗುತ್ತಿದ್ದವು. ಈ ಗೋಜಲನ್ನು ಬಿಡಿಸುವ ದಾರಿ ತೋರಿದವರು ಅಮೆರಿಕದ ಉತ್ತರ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಬರ್ನಾರ್ಡ್ ಏಮಸ್. 1964ರಲ್ಲಿ ಅವರು ಎಲ್ಲರನ್ನೂ ಡರಂ ಊರಿನ ತಮ್ಮ ಪ್ರಯೋಗಾಲಯಕ್ಕೆ ಕರೆದರು. ಅದು ಉಪನ್ಯಾಸಗಳ ಸಮ್ಮೇಳನವಾಗಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಸೀರಂ ತರಬೇಕು, ತಮ್ಮ ವಿಧಾನದಲ್ಲೇ ಕೆಲಸ ಮಾಡಬೇಕು, ಆದರೆ ಎಲ್ಲರಿಗೂ ಕೊಡುವ ರಕ್ತಕಣಗಳು ಮಾತ್ರ ಅವೇ ಆಗಿರಬೇಕು. ಕೊನೆಯಲ್ಲಿ ಎಲ್ಲರ ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಉತ್ತರಗಳು ಹೊಂದಲಿಲ್ಲ. ವಿಧಾನ ಬದಲಾದಂತೆ ಫಲಿತಾಂಶವೂ ಬದಲಾಗಿತ್ತು. ಒಬ್ಬರು ಇದೆಯೆಂದ ಗುರುತನ್ನು ಮತ್ತೊಬ್ಬರು ಇಲ್ಲವೆಂದಿದ್ದರು. ವರ್ಷಗಟ್ಟಲೆ ದುಡಿದು, ಅದರ ಆಧಾರದ ಮೇಲೆ ಹೆಸರು ಗಳಿಸಿದವರಿಗೆ ಸಹೋದ್ಯೋಗಿಗಳ ಎದುರಿನಲ್ಲೇ ಹೀಗಾದರೆ ಹೇಗಿರಬೇಡ? ಆ ಕೋಣೆಯಿಂದ ಹೊರಟವರು ಮತ್ತೆಂದೂ ಒಟ್ಟಿಗೆ ಕೂರದೆ ತಮ್ಮ ಪಾಡಿಗೆ ತಾವಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮರುವರ್ಷವೇ, 1965ರಲ್ಲಿ, ವಾನ್ ರೂಡ್ ಅವರ ಲೈಡನ್‌ನಲ್ಲಿ ಎರಡನೆಯ ಕಾರ್ಯಾಗಾರ ನಡೆಯಿತು. ನನ್ನ ಮಟ್ಟಿಗೆ ಅಂಗಾಂಗ ಕಸಿಯ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ನಿರ್ಧಾರ ಇದು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರಿ ಅವಳಿ ಸಹೋದರರ ನಡುವೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿಯನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಸೋತ ಕಾರ್ಯಾಗಾರದ ಮರುವರ್ಷ ಮತ್ತೆ ಸೇರಿದವರನ್ನೂ ಅದೇ ಗೌರವದಿಂದ ನೆನೆಯಬೇಕೆಂದು ನನ್ನ ಆಸೆ.

ಲೈಡನ್‌ನಲ್ಲಿ ಚಿತ್ರ ತಿಳಿಯಾಗತೊಡಗಿತು. ಹಲವು ಊರುಗಳ ಹಲವು ಹೆಸರುಗಳು ಒಂದೇ ವಸ್ತುವನ್ನು ಸೂಚಿಸುತ್ತಿವೆಯೆಂಬುದು ಕಂಡುಬಂತು. ಮ್ಯಾಕ್ ಮತ್ತು ಎಲ್‌ಎ2 ಒಂದೇ ಗುರುತು. ನನ್ನ ತಮ್ಮನ ವರದಿಯಲ್ಲಿದ್ದ ಎ2 ಅದೇ.

1967ರ ಮೂರನೆಯ ಕಾರ್ಯಾಗಾರ ಇಟಲಿಯ ಟ್ಯೂರಿನ್‌ನಲ್ಲಿ, ರುಜ್ಜೆರೊ ಚೆಪ್ಪೆಲ್ಲೀನಿ ಅವರ ನೇತೃತ್ವದಲ್ಲಿ ನಡೆಯಿತು. ಅವರು ಸಂಬಂಧವಿಲ್ಲದ ಜನರ ರಕ್ತದ ಬದಲು ಕುಟುಂಬಗಳ ರಕ್ತವನ್ನು ಎಲ್ಲರ ಮುಂದಿಟ್ಟರು: ತಂದೆ, ತಾಯಿ, ಮಕ್ಕಳು. ಎಲ್ಲ ಪ್ರಯೋಗಾಲಯಗಳೂ ಒಂದೇ ಕುಟುಂಬಗಳನ್ನು ಪರೀಕ್ಷಿಸಿದಾಗ ಈ ಗುರುತುಗಳು ಬಿಡಿಬಿಡಿಯಾಗಿ ಮಕ್ಕಳಿಗೆ ಹಂಚಿಹೋಗುವುದಿಲ್ಲ, ಒಂದೇ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿದ್ದು ಗಂಟಾಗಿ ಇಳಿದುಬರುತ್ತವೆ ಎಂಬುದು ಸ್ಪಷ್ಟವಾಯಿತು. ಆ ಗಂಟಿಗೆ ಚೆಪ್ಪೆಲ್ಲೀನಿ ಹ್ಯಾಪ್ಲೋಟೈಪ್ ಎಂಬ ಹೆಸರು ಕೊಟ್ಟರು. ತಂದೆಯ ಬಳಿ ಎರಡು ಗಂಟು, ತಾಯಿಯ ಬಳಿ ಎರಡು ಗಂಟು. ಪ್ರತಿ ಮಗುವಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು. ಆದ್ದರಿಂದ ತಾಯಿ ಮತ್ತು ಮಗು ಸಾಮಾನ್ಯವಾಗಿ ಹೊಂದುವುದು ಅರ್ಧಕ್ಕೆ ಮಾತ್ರ. ಒಡಹುಟ್ಟಿದ ಇಬ್ಬರಿಗೆ ಎರಡೂ ಗಂಟು ಅವೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದು ಗಂಟು ಸಮಾನವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು, ಒಂದೂ ಸಮಾನವಾಗದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನಿಗೆ ಮೊದಲನೆಯದು ಒಲಿದಿತ್ತು, ನನ್ನ ಪಾಲಿಗೆ ಕೊನೆಯದು ಬಂದಿತ್ತು. ಅಮ್ಮನ ಪ್ರಶ್ನೆಗೆ ಉತ್ತರ ಟ್ಯೂರಿನ್‌ನ ಆ ಕುಟುಂಬಗಳ ರಕ್ತದಲ್ಲಿ ಇತ್ತು.

ನಮ್ಮ ಕಡೆಯ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿಯಿರುವ ಮನೆತನಗಳಲ್ಲಿ ಗಂಡ ಹೆಂಡಿರ ಬಳಿಯೇ ಒಂದು ಗಂಟು ಸಮಾನವಾಗಿ ಇರಬಹುದು. ಆಗ ತಾಯಿಯೋ ತಂದೆಯೋ ಮಗುವಿನ ಜೊತೆ ಪೂರ್ತಿ ಹೊಂದುವ ಸಂದರ್ಭವೂ ಬರುತ್ತದೆ. ದಾನಿಗಾಗಿ ಹುಡುಕುವಾಗ ತಂದೆತಾಯಿಯರದು ಹೇಗೂ ಅರ್ಧವೇ ಎಂದು ಪರೀಕ್ಷೆಯನ್ನು ಬಿಟ್ಟುಬಿಡಬಾರದು ಎಂದು ಆ ತಂತ್ರಜ್ಞೆ ನನಗೆ ಹೇಳಿದ್ದರು.

ಹೊಂದಾಣಿಕೆಯ ಗುರುತುಗಳು ರಕ್ತಕಣದ ಮೇಲಿನ ಕುತೂಹಲದ ಸಂಗತಿ ಮಾತ್ರವೋ, ಕಸಿಯ ಭವಿಷ್ಯವನ್ನು ನಿಜಕ್ಕೂ ನಿರ್ಧರಿಸುತ್ತವೆಯೋ ಎಂಬ ಪ್ರಶ್ನೆಯೂ ಸಹಕಾರದಿಂದಲೇ ಬಗೆಹರಿಯಿತು. ಪ್ಯಾರಿಸ್‌ನ ಡೋಸೆ ಮತ್ತು ನ್ಯೂಯಾರ್ಕ್‌ನ ಫೆಲಿಕ್ಸ್ ರಾಪಾಪೋರ್ಟ್ ಸ್ವಯಂಸೇವಕರ ಮೇಲೆ ಚರ್ಮದ ಪುಟ್ಟ ಕಸಿಗಳನ್ನು ಮಾಡಿದರು. ಗುರುತುಗಳು ಹೊಂದಿದ ಒಡಹುಟ್ಟಿದವರ ನಡುವೆ ಆ ಚರ್ಮ ಹೆಚ್ಚು ದಿನ ಉಳಿಯಿತು. ಡ್ಯೂಕ್‌ನ ಏಮಸ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರಿಟ್ಜ್ ಬಾಕ್ ಜೊತೆಗೂಡಿ, ಇಬ್ಬರ ಬಿಳಿ ಕಣಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿ ಅವು ಪರಸ್ಪರ ಕೆರಳುತ್ತವೆಯೇ ಎಂದು ನೋಡುವ ಪರೀಕ್ಷೆಯಿಂದ ಅದೇ ನಿರ್ಣಯಕ್ಕೆ ಬಂದರು. ನಮ್ಮ ತಂದೆ ಮಾವಿನ ತೋಟದಲ್ಲಿ ಕಸಿ ಕಟ್ಟುತ್ತಿದ್ದರು. ನಾಟಿ ಸಸಿಯ ಮೇಲೆ ಮಲ್ಲಿಕಾ ಮಾವಿನ ಕಡ್ಡಿ ಕೂರಿಸಿ ಬಿಗಿಯಾಗಿ ಸುತ್ತಿದರೆ ಸಾಕು, ಕೆಲವು ವಾರಗಳಲ್ಲಿ ಚಿಗುರುತ್ತಿತ್ತು. ಗಿಡಕ್ಕೂ ಪ್ರಾಣಿಗೂ ಇರುವ ಈ ಅಂತರವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಅವರ ಕೈಗಳು ನೆನಪಾಗುತ್ತಿದ್ದವು.

ಇನ್ನು ಹೆಸರಿನ ವಿಚಾರ. ಟ್ಯೂರಿನ್ ಕಾರ್ಯಾಗಾರದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಒಂದು ನಾಮಕರಣ ಸಮಿತಿ ಕೂತಿತು. ಡೋಸೆ ಈ ಇಡೀ ವ್ಯವಸ್ಥೆಯನ್ನು ಎಚ್‌ಯು-1 ಎಂದು ಕರೆಯುತ್ತಿದ್ದರು, ಪೇನ್ ಮತ್ತು ಬಾಡ್ಮರ್ ದಂಪತಿ ಎಲ್‌ಎ ಎನ್ನುತ್ತಿದ್ದರು. ಸಮಿತಿ ಒಬ್ಬರಿಂದ ಎಚ್ ಅನ್ನೂ ಮತ್ತೊಬ್ಬರಿಂದ ಎಲ್‌ಎ ಅನ್ನೂ ತೆಗೆದುಕೊಂಡು ಎಚ್‌ಎಲ್‌ಎ ಎಂದು ಕೂಡಿಸಿತು. 1968ರಲ್ಲಿ ಆ ಹೆಸರು ಪ್ರಕಟವಾಯಿತು. ಮನುಷ್ಯ, ಬಿಳಿ ರಕ್ತಕಣ ಎಂಬ ಅರ್ಥಗಳೂ ಅದರಲ್ಲಿ ಕೂತುಕೊಂಡವು. ಇಲಿಗಳ ವಿಷಯದಲ್ಲೂ ಹೀಗೆಯೇ ಆಗಿತ್ತೆಂಬುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಲಂಡನ್‌ನ ಲಿಸ್ಟರ್ ಸಂಸ್ಥೆಯಲ್ಲಿದ್ದ ಪೀಟರ್ ಗೋರರ್ 1930ರ ದಶಕದಲ್ಲೇ ಇಲಿಯ ರಕ್ತದಲ್ಲಿ ಎರಡನೆಯ ಆಂಟಿಜೆನ್ ಎಂದು ತಾವು ಕರೆದ ಗುರುತನ್ನು ಕಂಡಿದ್ದರು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾರ್ಜ್ ಸ್ನೆಲ್ ಗಡ್ಡೆಗಳ ಕಸಿಯ ಮೂಲಕ ಹಿಸ್ಟೊಕಂಪ್ಯಾಟಿಬಿಲಿಟಿ, ಅಂದರೆ ಅಂಗಾಂಶ ಹೊಂದಾಣಿಕೆಯ ವಂಶವಾಹಿಗಳನ್ನು ಹುಡುಕುತ್ತಿದ್ದು, ಅವುಗಳಿಗೆ ಎಚ್ ಎಂದು ಹೆಸರಿಟ್ಟಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗೋರರ್ ಬಾರ್ ಹಾರ್ಬರ್‌ಗೆ ಹೋಗಿ ಸ್ನೆಲ್ ಜೊತೆ ಕೆಲಸ ಮಾಡಿದಾಗ, ತಾವಿಬ್ಬರೂ ಹಿಡಿದಿದ್ದು ಒಂದೇ ಹಗ್ಗದ ಎರಡು ತುದಿಗಳನ್ನು ಎಂದು ತಿಳಿಯಿತು. 1948ರ ಅವರ ಜಂಟಿ ಲೇಖನದ ನಂತರ ಅದು ಎಚ್-2 ಆಯಿತು: ಎಚ್ ಸ್ನೆಲ್ ಅವರದು, ಎರಡು ಗೋರರ್ ಅವರದು. ಡರಂನ ಏಮಸ್ ಈ ಗೋರರ್ ಅವರ ಬಳಿಯೇ ಪಳಗಿದವರು. ಎದುರಾಳಿಗಳನ್ನು ಒಂದೇ ಮೇಜಿಗೆ ಕರೆಯುವ ಧೈರ್ಯ ಅವರಿಗೆ ಅಲ್ಲಿಂದ ಬಂದಿತ್ತೆಂದು ನಾನು ಊಹಿಸುತ್ತೇನೆ.

ಪಾಲ್ ಟೆರಾಸಾಕಿ ಅವರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ, ಏಕೆಂದರೆ ನಾನು ನೋಡಿದ ಆ 60 ಕುಳಿಗಳ ತಟ್ಟೆ ಅವರ ಕೊಡುಗೆ; ಅದನ್ನು ಜಗತ್ತಿನ ಪ್ರಯೋಗಾಲಯಗಳು ಇಂದಿಗೂ ಟೆರಾಸಾಕಿ ತಟ್ಟೆ ಎಂದೇ ಕರೆಯುತ್ತವೆ. ಅವರು 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಜಪಾನಿ ಮೂಲದ ಅಮೆರಿಕನ್. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ತಳ್ಳಿದಾಗ ಹುಡುಗ ಟೆರಾಸಾಕಿ ಕುಟುಂಬದ ಜೊತೆ ಅರಿಜೋನಾದ ಮರುಭೂಮಿಯ ಶಿಬಿರದಲ್ಲಿ ಬೆಳೆದರು. ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಓದಿ, ಲಂಡನ್‌ಗೆ ಹೋಗಿ ಪೀಟರ್ ಮೆಡಾವರ್ ಅವರ ಪ್ರಯೋಗಾಲಯದಲ್ಲಿ ಒಂದು ವರ್ಷ ಕಲಿತು ಬಂದರು. 1964ರಲ್ಲಿ ಅವರು ಪ್ರಕಟಿಸಿದ ವಿಧಾನಕ್ಕೆ ಒಂದು ಪರೀಕ್ಷೆಗೆ ಬೇಕಾದದ್ದು ಸೀರಂನ ಒಂದು ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಭಾಗ. ಅಷ್ಟು ಚಿಕ್ಕ ಹನಿ ಆರಿಹೋಗದಿರಲೆಂದೇ ಮೇಲೆ ಎಣ್ಣೆಯ ಪದರ.

ಈ ಮಿತವ್ಯಯದ ಮಹತ್ವ ಸೀರಂ ಎಷ್ಟು ಅಪರೂಪದ ವಸ್ತು ಎಂಬುದನ್ನು ಅರಿತವರಿಗೆ ಮಾತ್ರ ತಿಳಿಯುತ್ತದೆ. ಒಳ್ಳೆಯ ಪ್ರತಿಕಾಯವಿರುವ ತಾಯಿಯೊಬ್ಬರು ಸಿಕ್ಕರೆ ಅವರಿಂದ ದೊರೆಯುವ ಸೀರಂ ಇಷ್ಟೇ. ಹಳೆಯ ವಿಧಾನದಲ್ಲಿ ಅದು ಒಂದು ಪ್ರಯೋಗಾಲಯದಲ್ಲೇ ಖರ್ಚಾಗಿಹೋಗುತ್ತಿತ್ತು. ಒಂದು ಮೈಕ್ರೋಲೀಟರ್ ಸಾಕೆಂದಾದಾಗ ಅದೇ ಸೀರಂ ಸಾವಿರಾರು ಪರೀಕ್ಷೆಗಳಿಗೆ ಒದಗಿತು, ಅದನ್ನು ಹೆಪ್ಪುಗಟ್ಟಿಸಿ ದೂರದ ಊರುಗಳಿಗೆ ಕಳುಹಿಸುವುದು ಸಾಧ್ಯವಾಯಿತು. ಸಹಕಾರ ಎಂಬುದು ಒಳ್ಳೆಯ ಮನಸ್ಸಿನಿಂದ ಮಾತ್ರ ನಡೆಯುವುದಿಲ್ಲ. ಹಂಚಿಕೊಳ್ಳಲು ಸಾಕಾಗುವಷ್ಟು ವಸ್ತು ಕೈಯಲ್ಲಿರಬೇಕು. ಅದನ್ನು ಒದಗಿಸಿಕೊಟ್ಟದ್ದು ಟೆರಾಸಾಕಿಯವರ ಹನಿ.

ಅದೇ ವಿಧಾನದಿಂದ ಇನ್ನೊಂದು ಪರೀಕ್ಷೆಯೂ ಬಂತು, ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲಿರುವ ಕ್ರಾಸ್‌ಮ್ಯಾಚ್. ಕಿಡ್ನಿ ಪಡೆಯುವವರ ಸೀರಂಗೆ ದಾನಿಯ ಬಿಳಿ ಕಣಗಳನ್ನು ಹಾಕಿ ಅವು ಸಾಯುತ್ತವೆಯೇ ಎಂದು ನೋಡುವುದು. 1969ರಲ್ಲಿ ಪಟೇಲ್ ಮತ್ತು ಟೆರಾಸಾಕಿ 225 ಕಸಿಗಳ ವಿವರ ಪ್ರಕಟಿಸಿದರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಆಗಿದ್ದ, ಅಂದರೆ ದಾನಿಯ ಕಣಗಳು ಸತ್ತಿದ್ದ, 30ರಲ್ಲಿ 24 ಕಿಡ್ನಿಗಳು ಕೂಡಲೇ ಹಾಳಾಗಿದ್ದವು. ನೆಗೆಟಿವ್ ಆಗಿದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ಆ ಎರಡು ಸಂಖ್ಯೆಗಳ ನಂತರ ಈ ಪರೀಕ್ಷೆಯಿಲ್ಲದೆ ಕಸಿಗೆ ಕೈಹಾಕುವುದು ಸಲ್ಲದೆಂಬುದು ಎಲ್ಲೆಡೆ ನಿಯಮವಾಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಕ್ಕನ ಕಣಗಳು ತಮ್ಮನ ಸೀರಂನಲ್ಲಿ ಹೊಳೆಯುತ್ತಲೇ ಇವೆ ಎಂಬ ಸುದ್ದಿ ಬಂದಾಗ ನಾವು ಕುಳಿತಿದ್ದ ಬೆಂಚಿನ ಮೇಲೆಯೇ ಅಮ್ಮ ಅತ್ತುಬಿಟ್ಟರು.

ಟೆರಾಸಾಕಿಯವರ ಮತ್ತೊಂದು ಗುಣವನ್ನು ನಾನು ಅಷ್ಟೇ ಗೌರವಿಸುತ್ತೇನೆ. ಮೃತ ದಾನಿಗಳ ಕಿಡ್ನಿಗಳಲ್ಲಿ ಹೊಂದಾಣಿಕೆಗೂ ಯಶಸ್ಸಿಗೂ ತಾವೆಲ್ಲರೂ ನಿರೀಕ್ಷಿಸಿದಷ್ಟು ಸಂಬಂಧ ಕಾಣುತ್ತಿಲ್ಲವೆಂದು 1970ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ತಮ್ಮದೇ ಅಂಕಿಅಂಶಗಳನ್ನಿಟ್ಟು ಹೇಳಿದರು. ಇಡೀ ಕ್ಷೇತ್ರ ಹೊಂದಾಣಿಕೆಯ ಮೇಲೆ ಭರವಸೆಯಿಟ್ಟಿದ್ದ ಸಮಯದಲ್ಲಿ, ಆ ಪರೀಕ್ಷೆಯನ್ನು ರೂಪಿಸಿದ ವ್ಯಕ್ತಿಯೇ ಹಾಗೆಂದದ್ದು ದೊಡ್ಡ ವಿವಾದವಾಯಿತು. ಸತ್ಯ ಎಲ್ಲಿದೆಯೆಂದು ಬಿಡಿಸಲು ಒಂದು ಆಸ್ಪತ್ರೆಯ ನೂರು ಇನ್ನೂರು ರೋಗಿಗಳು ಸಾಲುತ್ತಿರಲಿಲ್ಲ. ಟೆರಾಸಾಕಿ ಜೊತೆ ಕೆಲಸ ಮಾಡಿದ್ದ ಗೆರ್ಹಾರ್ಡ್ ಓಪೆಲ್ಟ್ಸ್ 1982ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಸಹಯೋಗದ ಅಧ್ಯಯನಕ್ಕೆ ಹಲವು ದೇಶಗಳ ನೂರಾರು ಕಸಿ ಕೇಂದ್ರಗಳು ತಮ್ಮ ರೋಗಿಗಳ ವಿವರಗಳನ್ನು ಸ್ವಇಚ್ಛೆಯಿಂದ ಕಳುಹಿಸತೊಡಗಿದವು. ಲಕ್ಷಗಟ್ಟಲೆ ಕಸಿಗಳ ಲೆಕ್ಕ ಒಂದೆಡೆ ಸೇರಿದಾಗ, ಹೊಂದಾಣಿಕೆಯ ಲಾಭ ಮೊದಲಿಗರು ಆಸೆಪಟ್ಟಷ್ಟು ದೊಡ್ಡದಲ್ಲವಾದರೂ ನಿಜವಾದದ್ದು, ವರ್ಷಗಳು ಕಳೆದಂತೆ ಎದ್ದುಕಾಣುವಂಥದ್ದು ಎಂಬುದು ಸ್ಥಿರಪಟ್ಟಿತು.

ವಾನ್ ರೂಡ್ ಅವರು 1967ರಲ್ಲೇ ಇನ್ನೊಂದು ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದ್ದರು. ಹೊಂದುವ ಕಿಡ್ನಿ ಸಿಗಬೇಕಾದರೆ ಕಾಯುವವರ ಪಟ್ಟಿ ಉದ್ದವಾಗಿರಬೇಕು, ಒಂದು ಊರಿನ ಪಟ್ಟಿ ಅದಕ್ಕೆ ಸಾಲದು ಎಂಬ ಸರಳ ಲೆಕ್ಕದ ಮೇಲೆ ಅವರು ಲೈಡನ್‌ನಲ್ಲಿ, ದೇಶಗಳ ನಡುವೆ ಅಂಗಗಳನ್ನು ಹಂಚುವ ಯೂರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆಯನ್ನು ಕಟ್ಟಿದರು. ಇಂದು ಎಂಟು ದೇಶಗಳು ಅದರಲ್ಲಿವೆ. ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ನಡೆಸುವ ಕಾಯುವವರ ಪಟ್ಟಿಯ ಹಿಂದೆಯೂ ಅಂಥದೇ ವಿಚಾರವಿದೆ: ಅಂಗ ಸಿಕ್ಕ ಆಸ್ಪತ್ರೆ ಯಾವುದೇ ಇರಲಿ, ಪಟ್ಟಿ ಎಲ್ಲರದೂ ಆಗಿರಬೇಕು.

1980ರಲ್ಲಿ ಈ ಸಂಶೋಧನೆಗೆ ನೊಬೆಲ್ ಬಂದಾಗ ಅದು ಡೋಸೆ, ಸ್ನೆಲ್ ಮತ್ತು ಬರೂಜ್ ಬೆನಾಸೆರಾಫ್ ಅವರ ಪಾಲಾಯಿತು. ಗೋರರ್ 1961ರಲ್ಲೇ ತೀರಿಕೊಂಡಿದ್ದರು. ಪೇನ್, ವಾನ್ ರೂಡ್, ಏಮಸ್, ಚೆಪ್ಪೆಲ್ಲೀನಿ, ಟೆರಾಸಾಕಿ, ಬಾಡ್ಮರ್ ದಂಪತಿ ಆ ಪಟ್ಟಿಯಲ್ಲಿ ಇರಲಿಲ್ಲ. ಮೂವರಿಗಿಂತ ಹೆಚ್ಚು ಜನರಿಗೆ ಹಂಚಬಾರದೆಂಬ ನಿಯಮ ಇಂಥ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಡೋಸೆ ಆ ಗೌರವಕ್ಕೆ ತಕ್ಕಂತೆ ನಡೆದುಕೊಂಡರು ಎನ್ನಲೇಬೇಕು. 1984ರಲ್ಲಿ ಅವರು ಡೇನಿಯಲ್ ಕೋಹೆನ್ ಜೊತೆ ಪ್ಯಾರಿಸ್‌ನಲ್ಲಿ ಕಟ್ಟಿದ ಕೇಂದ್ರ, ದೊಡ್ಡ ಕುಟುಂಬಗಳ ಡಿಎನ್‌ಎಯನ್ನು ಜಗತ್ತಿನ ಪ್ರಯೋಗಾಲಯಗಳಿಗೆ ಹಂಚಿತು. ಅವರು ಹಾಕಿದ್ದು ಒಂದೇ ಷರತ್ತು: ಪಡೆದವರು ತಮ್ಮ ಫಲಿತಾಂಶಗಳನ್ನು ಎಲ್ಲರ ಉಪಯೋಗಕ್ಕಾಗಿ ಹಿಂತಿರುಗಿಸಬೇಕು. ಮಾನವ ವಂಶವಾಹಿಗಳ ಮೊದಲ ನಕ್ಷೆಗಳು ಆ ಕುಟುಂಬಗಳಿಂದಲೇ ಹೊರಟವು. ಟ್ಯೂರಿನ್‌ನ ಪಾಠ ಅಲ್ಲಿಗೂ ಹೋಗಿತ್ತು.

ಕಾರ್ಯಾಗಾರಗಳು ನಿಲ್ಲಲಿಲ್ಲ. 1972ರಲ್ಲಿ ಫ್ರಾನ್ಸಿನ ಏವಿಯಾನ್‌ನಲ್ಲಿ ನಡೆದ ಐದನೆಯದು ಜಗತ್ತಿನ ಹಲವು ಜನಸಮುದಾಯಗಳಲ್ಲಿ ಈ ಗುರುತುಗಳು ಹೇಗೆ ಹಂಚಿಕೆಯಾಗಿವೆ ಎಂಬುದನ್ನು ಕೈಗೆತ್ತಿಕೊಂಡಿತು. ಇದು ನಮಗೆ ಬಹಳ ಮುಖ್ಯ. ಯೂರೋಪು ಮತ್ತು ಅಮೆರಿಕದ ತಾಯಂದಿರ ಸೀರಂ ಅಲ್ಲಿನ ತಂದೆಯರ ಗುರುತುಗಳನ್ನು ಬಲ್ಲದು; ಅಲ್ಲಿ ವಿರಳವಾಗಿರುವ, ಇಲ್ಲಿ ಸಾಮಾನ್ಯವಾಗಿರುವ ಗುರುತುಗಳನ್ನು ಬಲ್ಲದು ಎಂಬ ಭರವಸೆಯಿಲ್ಲ. ಅಂಥ ಗುರುತಿದ್ದವರ ವರದಿಯಲ್ಲಿ ಆ ಜಾಗ ಖಾಲಿ ಉಳಿಯುತ್ತಿತ್ತು. ಆದ್ದರಿಂದಲೇ ನಮ್ಮ ದೇಶದ ಪ್ರಯೋಗಾಲಯಗಳು ಇಲ್ಲಿನ ತಾಯಂದಿರ ಸೀರಂ ಹುಡುಕಬೇಕಾಯಿತು. ಈಗ ಆ ಪರೀಕ್ಷೆಯನ್ನು ಡಿಎನ್‌ಎ ಮೂಲಕವೇ ಮಾಡುವುದರಿಂದ ಆ ತೊಡಕು ಬಹುಮಟ್ಟಿಗೆ ನೀಗಿದೆ. ಆದರೆ ಅಸ್ಥಿಮಜ್ಜೆ ದಾನಿಗಳ ವಿಶ್ವಪಟ್ಟಿಯಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿದ್ದರೂ ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಭಾರತೀಯರು ಬಹಳ ಕಡಿಮೆ. ಆ ಪಟ್ಟಿಯನ್ನೂ 1988ರಲ್ಲಿ ಲೈಡನ್‌ನಲ್ಲಿ ಶುರುಮಾಡಿದವರು ವಾನ್ ರೂಡ್. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ನೋಂದಣಿಗೆ ಸಾಕು. ನಾನು ನಿವೃತ್ತಿಯಾಗುವ ಮುನ್ನ ನಮ್ಮ ಕಾಲೇಜಿನಿಂದ ಹೊರಟು ಪದವಿಗೆ ಸೇರಿದ, 18 ತುಂಬಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದು ಇದನ್ನು ತಿಳಿಸಿದ್ದೆ.

ತಮ್ಮನ ವರದಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ತಮ್ಮನಿಗೂ ಅಕ್ಕನಿಗೂ ಎ2 ಇದೆ, ಅಮ್ಮನಿಗೆ ಇಲ್ಲ. ಹಾಗಾದರೆ ಅದು ಅಪ್ಪನದು. ಅವರು ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು. ಯಾವ ತಟ್ಟೆಯ ಮೇಲೂ ಅವರ ರಕ್ತ ಬಿದ್ದಿರಲಿಲ್ಲ. ಆ ತಂತ್ರಜ್ಞೆ ಇದನ್ನು ಗಮನಿಸಿದ್ದರು. ಎ2 ಇಲ್ಲದ ಹೆಣ್ಣು ಎ2 ಇರುವ ಇಬ್ಬರು ಮಕ್ಕಳನ್ನು ಹೆತ್ತಿದ್ದಾರೆ, ವರ್ಷಗಳು ಬಹಳ ಕಳೆದಿರುವುದರಿಂದ ಏನೂ ಉಳಿದಿಲ್ಲದಿರಬಹುದು, ಆದರೂ ನೋಡುತ್ತೇವೆ ಎಂದು ಅಮ್ಮನನ್ನು ಕೇಳಿದರು. ಯಾಕೆಂದು ನಾನು ವಿವರಿಸಿದೆ. ಅಮ್ಮ ಒಪ್ಪಿಗೆ ಪತ್ರಕ್ಕೆ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿ ತೋಳು ಚಾಚಿದರು.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನ ಮೊದಲ ತಪಾಸಣೆಗೆಂದು ಹೋದಾಗ ಆಕೆ ಓಡುತ್ತಾ ಬಂದರು. ಎ2 ಇರುವವರ ಕಣಗಳನ್ನು ಅಮ್ಮನ ಸೀರಂಗೆ ಹಾಕಿದರೆ ಸಾಯುತ್ತಿವೆ, ಮಿಕ್ಕವರ ಕಣಗಳು ಬದುಕಿವೆ ಎಂದರು. ಬಲ ಸ್ವಲ್ಪ ಕಡಿಮೆಯಂತೆ, ಆದರೆ ಬೇರೇನೂ ಬೆರೆತಿಲ್ಲವಂತೆ, ಇನ್ನೊಮ್ಮೆ ಸ್ವಲ್ಪ ರಕ್ತ ಕೊಡಬಹುದೇ ಎಂದು ಕೇಳಿದರು. "ಎಷ್ಟು ಬೇಕಾದರೂ ತಗೊಳ್ಳಮ್ಮ," ಎಂದು ಅಮ್ಮ ಅಲ್ಲಿಯೇ ಕುರ್ಚಿಯ ಮೇಲೆ ಕೂತು ಸೀರೆಯ ಸೆರಗನ್ನು ತೋಳಿನಿಂದ ಸರಿಸಿದರು.